ಹಳೇ ಗೋಡೆ, ಹೊಸ ಕೇಬಲ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮದು 30 ವರ್ಷ ಹಳೆಯ ಆರ್‌ಸಿಸಿ ಮನೆ. ಕೆಳಗಿನ ಹಾಲ್‌ನ ರೂಟರ್‌ನಿಂದ ಮಹಡಿಗೆ ಲ್ಯಾನ್ ಕೇಬಲ್ ಎಳೆಯಬೇಕು. ಗೋಡೆಯೊಳಗಿನ ಕರೆಂಟ್ ಪೈಪಿನಲ್ಲಿ ಜಾಗವಿದೆ. ಅದರಲ್ಲೇ ಎಳೆಯಬಹುದೇ?
– ಓದುಗರು, ತುಮಕೂರು

ಉತ್ತರ: ಎಷ್ಟೇ ಜಾಗವಿದ್ದರೂ ಬೇಡ. ಹೊಸ ಕೇಬಲ್ ಎಳೆಯುವಾಗ ಹಳೇ ವೈರುಗಳನ್ನು ಉಜ್ಜಿಕೊಂಡೇ ಹೋಗುತ್ತದೆ. ಬಿಸಿ ತಿಂದು ಗಡುಸಾದ ವೈರಿನ ಪಿವಿಸಿ ಹೊದಿಕೆ, ಬೆಂಡ್ ಇರುವ ಕಡೆ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಅಲ್ಲಿ ಫೇಸ್ ವೈರು ಲ್ಯಾನ್ ಕೇಬಲ್ಲಿನ ತಾಮ್ರಕ್ಕೆ ತಗುಲಿದರೆ 230 ವೋಲ್ಟ್ ರೂಟರಿಗೂ ಬಂತು, ಲ್ಯಾನ್ ಪಿನ್ ಹಿಡಿದವರ ಕೈಗೂ ಬಂತು. ಇನ್ನು ಎಳೆಯಲು ತೂರಿಸುವ ಸ್ಟೀಲ್ ಸ್ಪ್ರಿಂಗ್‌ನ ತುದಿ ಹೊರಬರುವುದೇ ಸ್ವಿಚ್‌ಬೋರ್ಡಿನ ಟರ್ಮಿನಲ್‌ಗಳ ನಡುವೆ.

ಲ್ಯಾನ್‌ಗೆಂದೇ 20 ಎಂಎಂ ಪೈಪನ್ನೋ ಕೇಸಿಂಗ್-ಕ್ಯಾಪಿಂಗ್ (ಮುಚ್ಚಳವಿರುವ ಪ್ಲಾಸ್ಟಿಕ್ ಪಟ್ಟಿ) ಅನ್ನೋ ಗೋಡೆಯ ಮೇಲೆ ಹೊಡೆಸಿ. ಕರೆಂಟ್ ಪೈಪಿನ ಪಕ್ಕದಲ್ಲೇ ಸಾಗಬೇಕಾದರೆ ಒಂದು ಗೇಣು ಅಂತರವಿರಲಿ. ದಾಟಬೇಕಾದರೆ ನೇರ ಅಡ್ಡಕ್ಕೆ ದಾಟಲಿ. ಸ್ಲ್ಯಾಬ್ ಕೊರೆಯುವ ಬದಲು ಹೊರಗೋಡೆಯ ಮೇಲೆ ಹತ್ತಿಸುವುದು ವಾಸಿ. ಆಗ ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಲಿ, ಕೇಬಲ್ ಒಳಹೋಗುವ ಮೊದಲು ಜೋಲು ಬಿಡಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಮೇನ್ ಸ್ವಿಚ್ ಆಫ್ ಮಾಡಿ ಗೋಡೆ ಕೊರೆದರೆ ಭಯವಿಲ್ಲ ತಾನೇ?
– ಓದುಗರು, ಶಿವಮೊಗ್ಗ

ಉತ್ತರ: ಮನೆಯಲ್ಲಿ ಯುಪಿಎಸ್ ಇದೆಯೇ? ಇದ್ದರೆ ಮೇನ್ ಆಫ್ ಮಾಡಿದ ಕ್ಷಣವೇ ಅದು ಬ್ಯಾಟರಿಯಿಂದ ಲೈಟು, ಫ್ಯಾನುಗಳ ಲೈನಿಗೆ 230 ವೋಲ್ಟ್ ಕೊಡತೊಡಗುತ್ತದೆ. ಅದನ್ನೂ ಆಫ್ ಮಾಡಬೇಕು. ಮೇನ್ ಆಫ್ ಮಾಡದೆ ಯುಪಿಎಸ್ ಸ್ವಿಚ್ ಒಂದನ್ನೇ ಒತ್ತಿದರೂ ಉಪಯೋಗವಿಲ್ಲ, ಹೊರಗಿನ ಕರೆಂಟು ಅದರ ಮೂಲಕವೇ ಹಾದು ಹೋಗುತ್ತಿರುತ್ತದೆ. ಒಂದು ಕೋಣೆಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಮಾತ್ರ ಇಳಿಸುವುದೂ ಸಾಲದು: ಹಳೇ ಮನೆಗಳಲ್ಲಿ ಎರಡು ಲೈನಿಗೆ ಒಂದೇ ನ್ಯೂಟ್ರಲ್ ಇರುವುದುಂಟು. ಆ ನ್ಯೂಟ್ರಲ್ ಜಾಯಿಂಟ್ ಬಿಚ್ಚಿದರೆ ಪಕ್ಕದ ಕೋಣೆಯ ಕರೆಂಟು ಬಿಚ್ಚಿದ ತುದಿಗೆ ಬರುತ್ತದೆ.

ಟೆಸ್ಟರ್ ದೀಪ ಹತ್ತಲಿಲ್ಲ ಎಂದು ನಂಬಬೇಡಿ. ದಪ್ಪ ಚಪ್ಪಲಿ ಹಾಕಿ ಒಣ ಸ್ಟೂಲಿನ ಮೇಲೆ ನಿಂತಿದ್ದರೆ ಕರೆಂಟಿದ್ದರೂ ಅದು ಸರಿಯಾಗಿ ಹತ್ತದಿರಬಹುದು. ಮಲ್ಟಿಮೀಟರನ್ನು ಮೊದಲು ಕರೆಂಟಿರುವ ಸಾಕೆಟ್‌ನಲ್ಲಿ ಇಟ್ಟು ನೋಡಿ, ಎಲ್ಲ ಆಫ್ ಮಾಡಿದ ಮೇಲೆ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರನ್ನೂ ಅಳೆಯಿರಿ. ಡ್ರಿಲ್ ಬ್ಯಾಟರಿಯದ್ದೇ ಇರಲಿ.

ಎಲ್ಲಿ ಕೊರೆಯಬಾರದು? ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಎರಡು ಬೋರ್ಡುಗಳ ನಡುವಿನ ಅಡ್ಡಗೆರೆಯಲ್ಲಿ. ಸ್ಲ್ಯಾಬಿನಲ್ಲಿ ಈ ಲೆಕ್ಕ ನಡೆಯದು. ಕಾಂಕ್ರೀಟ್ ಹಾಕುವ ಮುಂಚೆ ಪೈಪನ್ನು ಫ್ಯಾನ್ ಬಾಕ್ಸಿನಿಂದ ಗೋಡೆಗೆ ಹತ್ತಿರದ ದಾರಿ ಹಿಡಿದು ಓರೆಯಾಗಿ ಹಾಕಿರುತ್ತಾರೆ. ಒಳಗಿನ ವೈರು ಹುಡುಕಲು ಗೋಡೆಗೆ ಹಿಡಿಯುವ ಡಿಟೆಕ್ಟರ್ ಕಬ್ಬಿಣದ ಸರಳಿಗೂ ಕೂಗುವುದರಿಂದ ಆರ್‌ಸಿಸಿಯಲ್ಲಿ ಅದನ್ನೊಂದನ್ನೇ ನೆಚ್ಚುವಂತಿಲ್ಲ.

ಪ್ರಶ್ನೆ: ಎಂಸಿಬಿ ಇದ್ದ ಮೇಲೆ ಇಎಲ್‌ಸಿಬಿ ಯಾಕೆ?
– ಓದುಗರು, ಹಾಸನ

ಉತ್ತರ: 10 ಆಂಪಿಯರ್‌ನ ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು. ಮನುಷ್ಯನ ಮೈಯಲ್ಲಿ ಹರಿಯುವ ಹತ್ತಾರು ಮಿಲಿಆಂಪಿಯರ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಜೀವಕ್ಕೆ ಅಷ್ಟೇ ಸಾಕು. ಹೀಗೆ ಸೋರುವ ಕರೆಂಟನ್ನು ಗುರುತಿಸಿ ಲೈನ್ ಕಡಿಯುವುದು ಇಎಲ್‌ಸಿಬಿ; 30 ಮಿಲಿಆಂಪಿಯರ್‌ನದನ್ನು ಹಾಕಿಸಿ. ಹಳೇ ವೈರಿಂಗ್‌ನಲ್ಲಿ ಎಲ್ಲೋ ನ್ಯೂಟ್ರಲ್ಲೂ ಅರ್ಥೂ ಕೂಡಿಕೊಂಡಿದ್ದರೆ ಹಾಕಿದೊಡನೆ ಟ್ರಿಪ್ ಆಗಬಹುದು. ಕಿರಿಕಿರಿ ಎಂದು ಅದನ್ನು ಬೈಪಾಸ್ ಮಾಡಿಕೊಡುವ ಎಲೆಕ್ಟ್ರಿಷಿಯನ್ ಬೇಡ; ಲೈನುಗಳನ್ನು ಒಂದೊಂದಾಗಿ ಬಿಚ್ಚಿ ತಪ್ಪು ಹುಡುಕುವವರನ್ನು ಕರೆಯಿರಿ.