‘ರೈತ ಲಾರಿ ಹತ್ತಿ ರಾಯಚೂರಿಗೆ ಬಂದ’ – ವಾಕ್ಯ ಬಿಡಿಸಲು ಕಂಪ್ಯೂಟರ್‌ಗೆ ಬರೆದ ನನ್ನ ಪುಟ್ಟ ವ್ಯಾಕರಣ ಇದಕ್ಕೆ ಎರಡು ಮರ (ವಾಕ್ಯರಚನೆಯ ಚಿತ್ರ) ಕೊಡುತ್ತಿದೆ, ಏಕೆ?

‘ಹತ್ತಿ’ ಬೆಳೆಯ ಹೆಸರೂ ಹೌದು, ‘ಹತ್ತು’ ಧಾತುವಿನ ಕೃದಂತವೂ (‘ಏರಿ’ ಎಂಬರ್ಥ) ಹೌದು. ಹಾಗಾಗಿ ‘ಲಾರಿ ಹತ್ತಿ’ಯನ್ನು ‘ಲಾರಿಗಟ್ಟಲೆ ಹತ್ತಿ’ ಎಂದೂ ಓದಬಹುದು. ಪದಕೋಶದಲ್ಲಿ ಎರಡೂ ಇರಲೇಬೇಕು. ಸೋಸುವ ಕೆಲಸ ಕ್ರಿಯಾಪದದ್ದು. ‘ಬಂದ’ಕ್ಕೆ ಅಕರ್ಮಕ, ‘ತಂದ’ಕ್ಕೆ ಸಕರ್ಮಕ ಎಂಬ ಗುಣ (ಫೀಚರ್) ಕೊಡಿ. ಆಗ ‘ಬಂದ’ ಇರುವಲ್ಲಿ ಲಾರಿಗಟ್ಟಲೆ ಹತ್ತಿ ಕರ್ಮವಾಗಿ ನುಸುಳದು. ‘ತಂದ’ ಎಂದರೆ ಮಾತ್ರ ಅದಕ್ಕೆ ಜಾಗ.

ಪ್ರತ್ಯಯಗಳನ್ನು ಮೊದಲೇ ಬಿಡಿಸಿ. ಇಲ್ಲವಾದರೆ ರಾಯಚೂರಿಗೆ, ಕೊಪ್ಪಳಕ್ಕೆ, ಸಿಂಧನೂರಿನಿಂದ ಎಂದು ಒಂದೊಂದಕ್ಕೂ ಹೊಸ ಸಾಲು ಬರೆಯುತ್ತಾ ಕೂರಬೇಕಾಗುತ್ತದೆ.

‘ರಾಯಚೂರಿನ ಹತ್ತಿಯ ಬೆಲೆ’ಯಂಥ ಕಡೆ ನಾಮಪುಂಜದ (ನಾಮಪದ ಮುಖ್ಯವಾಗಿರುವ ಪದಗುಂಪು) ನಿಯಮ ಎಡತುದಿಯಲ್ಲೇ ತನ್ನನ್ನು ಮತ್ತೆ ಕರೆಯುತ್ತದೆ. ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಬಿಡಿಸುತ್ತಾ ಹೋಗುವ ರಿಕರ್ಸಿವ್ ಡಿಸೆಂಟ್ ಪಾರ್ಸರ್ (ವಾಕ್ಯ ಬಿಡಿಸುವ ಪ್ರೋಗ್ರಾಂ) ಅಲ್ಲಿ ಕೊನೆಯಿಲ್ಲದೆ ಸುತ್ತುತ್ತದೆ. ಅದರ ಬದಲು, ಭಾಷೆಯ ಕೆಲಸಕ್ಕಿರುವ ಪೈಥಾನ್ ಲೈಬ್ರರಿ ಎನ್‌ಎಲ್‌ಟಿಕೆಯ ಫೀಚರ್ ಚಾರ್ಟ್ ಪಾರ್ಸರ್ ಬಳಸಿ; ಅದು ಹೀಗೆ ಸುತ್ತುವುದಿಲ್ಲ. ಗುಣಗಳನ್ನೂ ಅದು ನೋಡಿಕೊಳ್ಳುತ್ತದೆ.

ತಪ್ಪು ವಾಕ್ಯಗಳನ್ನೂ ಕೊಟ್ಟು ನೋಡಿ: ‘ರೈತ ಬಂದಳು’ ಪಾಸಾದರೆ ಲಿಂಗದ ಹೊಂದಿಕೆ ಬಿಟ್ಟುಹೋಗಿದೆ.