ಮಂಗಳೂರಲ್ಲಿ ಯಾವ ಆಸ್ಪತ್ರೆ ಒಳ್ಳೆಯದು?

ಊರಿಗೆ ಹೊಸಬರು, ಮನೆಯಲ್ಲಿ ವಯಸ್ಸಾದ ಅತ್ತೆ ಮಾವ ಇದ್ದಾರೆ, ಒಂದು ಒಳ್ಳೆಯ ಆಸ್ಪತ್ರೆ ಹೇಳಿ ಅಂತ ಕೇಳಿದ್ದೀರಿ. ಒಂದೇ ಹೆಸರು ಹೇಳುವುದು ಕಷ್ಟ ಮಾರಾಯ್ರೆ. ಇಲ್ಲಿ ಆಸ್ಪತ್ರೆಗೇನೂ ಬರ ಇಲ್ಲ, ಕಂಕನಾಡಿಯಿಂದ ದೇರಳಕಟ್ಟೆ ಮುಟ್ಟುವಷ್ಟರಲ್ಲೇ ಮೂರು ನಾಲ್ಕು ಮೆಡಿಕಲ್ ಕಾಲೇಜು ಸಿಗುತ್ತದೆ.

ಮೊದಲು ಮನೆ ಹತ್ತಿರ ಕ್ಲಿನಿಕ್ ಇಟ್ಟಿರುವ ಒಬ್ಬ ಎಂಬಿಬಿಎಸ್ ಡಾಕ್ಟರನ್ನು ಹುಡುಕಿ. ಶೀತ, ಕೆಮ್ಮು, ಬಿಪಿ, ಶುಗರ್ ಎಲ್ಲ ಅವರ ಹತ್ತಿರವೇ ಆಗುತ್ತದೆ. ಮಂಡಿ ನೋವಿಗೆ ಸೀದಾ ದೊಡ್ಡ ಆಸ್ಪತ್ರೆಗೆ ಹೋದರೆ ಅರ್ಧ ದಿನ ಓಪಿಡಿಯಲ್ಲೇ ಹೋಗುತ್ತದೆ. ಮಳೆಗಾಲದ ಜ್ವರಕ್ಕೆ ಮಾತ್ರ ಬರೀ ಮಾತ್ರೆ ನುಂಗಿ ಸುಮ್ನೆ ಕೂರಬೇಡಿ, ಇದು ಮಲೇರಿಯಾದ ಊರು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಫ್ರೀ.

ಅರ್ಜೆಂಟ್ ಆದಾಗ ಲೆಕ್ಕವೇ ಬೇರೆ. ಒಂದು ಬೆಳಿಗ್ಗೆ ನನ್ನ ಅಪ್ಪನ ಬಾಯಿ ಸೊಟ್ಟಗಾಯಿತು, ಬಲಗೈ ಎತ್ತಲು ಆಗಲಿಲ್ಲ. ನಾವು ಗಾಬರಿಯಲ್ಲಿ ಗುರುತಿನವರಿದ್ದಾರೆ ಅಂತ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಓಡಿದೆವು, ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ, ಡ್ರಿಪ್ ಹಾಕಿ ಒಂದೂವರೆ ಗಂಟೆ ಕೂರಿಸಿ ಆಮೇಲೆ ಬೇರೆ ಕಡೆ ಹೋಗಿ ಅಂದರು. ಪಾರ್ಶ್ವವಾಯುವಿನಲ್ಲಿ ಮೆದುಳಿನ ರಕ್ತನಾಳ ಕಟ್ಟಿದೆಯಾ ಒಡೆದಿದೆಯಾ ಅಂತ ಸ್ಕ್ಯಾನ್ ಆಗದೆ ಗೊತ್ತಾಗುವುದಿಲ್ಲ. ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಪ್ಪ ಉಳಿದರು, ಆದರೆ ಬಲಗೈಯಲ್ಲಿ ಈಗಲೂ ಅನ್ನ ಕಲಸಲು ಆಗುವುದಿಲ್ಲ. ಹಾಗಾಗಿ ಈಗಲೇ ಎರಡು ಮೂರು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿ ಎರಡು ಗಂಟೆಗೂ ಸಿಟಿ ಸ್ಕ್ಯಾನ್ ಆಗುತ್ತದಾ, ಹೃದಯದ ಕಟ್ಟಿದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಆಗುತ್ತದಾ ಅಂತ ಕೇಳಿಡಿ. ಎದೆನೋವು ಬಂದರೆ ಗ್ಯಾಸ್ ಅಂತ ಕಷಾಯ ಕುಡಿಸಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ದುಡ್ಡಿನ ಮಾತು. ಹಂಪನಕಟ್ಟೆಯ ವೆನ್‌ಲಾಕ್ ಸರ್ಕಾರಿ ಜಿಲ್ಲಾ ಆಸ್ಪತ್ರೆ, ಶುರುವಾದದ್ದು 1848ರಲ್ಲಿ. ರಶ್ ಜಾಸ್ತಿ, ಆದರೆ ಮೂಗು ಮುರಿಯುವಂಥದ್ದೇನಲ್ಲ, ಕೆಎಂಸಿಯ, ಅಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ, ಡಾಕ್ಟರುಗಳೂ ಅಲ್ಲಿ ನೋಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಅಲ್ಲದ ಆಪರೇಷನ್ನಿಗೆ ಖಾಸಗಿಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅಡ್ಮಿಟ್ ಆದ ಮೇಲೆ ಚೀಟಿಗೆ ಓಡಿದವರನ್ನು ನೋಡಿದ್ದೇನೆ, ಪಾಪ.

ನಿಮ್ಮ ಮನೆ ಯಾವ ಕಡೆ, ಸುರತ್ಕಲ್ಲಾ ತೊಕ್ಕೊಟ್ಟಾ ಅಂತ ಹೇಳಿ. ಬೆಳಿಗ್ಗೆ ಪಂಪ್‌ವೆಲ್ಲಿನ ಟ್ರಾಫಿಕ್ ದಾಟಬೇಕಾ ಬೇಡವಾ ಅನ್ನುವುದರ ಮೇಲೂ ನಿಮಗೆ ಯಾವುದು ಹತ್ತಿರ ಅನ್ನುವುದು ನಿಂತಿದೆ.