ಟೇಕಿನ ಶುರುವಿನಲ್ಲಿ ಸರಿ, ಕೊನೆಗೆ ತುಟಿ ಒಂದು ಕಡೆ ಮಾತು ಒಂದು ಕಡೆ. ಏನು ಮಾಡಲಿ?

ಫೋನಿನಲ್ಲಿ ಶೂಟ್ ಮಾಡಿದ್ದೀರಿ, ಆಡಿಯೊ ಬೇರೆ ರೆಕಾರ್ಡರಿನಲ್ಲಿದೆ, ಚಪ್ಪಾಳೆಗೆ ಹೊಂದಿಸಿದರೆ ಶುರುವಿನಲ್ಲಿ ಸರಿಯಾಗಿ ಕೂರುತ್ತದೆ, ಆರು ನಿಮಿಷದ ಟೇಕ್ ಮುಗಿಯುವಷ್ಟರಲ್ಲಿ ಜಾರಿರುತ್ತದೆ. ಜೊತೆಗೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಟೈಮ್‌ಲೈನ್ ಪ್ಲೇ ಮಾಡಿದರೆ ತಡವರಿಸುತ್ತಿದೆ, ಕಾಲೇಜಿಗೆ ಕೊಡಲು ಐದೇ ದಿನ. ಇಷ್ಟೇ ಅಲ್ವಾ?

ಮೊದಲು, ಆಡಿಯೊವನ್ನು ತುಂಡು ತುಂಡು ಮಾಡಿ ಎಳೆದು ಕೂರಿಸುವುದನ್ನು ಈಗಲೇ ನಿಲ್ಲಿಸಿ. ನಾನು ಎರಡು ರಾತ್ರಿ ಅದನ್ನೇ ಮಾಡಿದ್ದೆ. ಮಾತು ಸುಮಾರು 9 ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ಹಿಂದೆ ಬೀಳುತ್ತಿತ್ತು, ಪ್ರತಿ ಶಾಟನ್ನೂ ಕೈಯಲ್ಲಿ ತಳ್ಳಿ ತಳ್ಳಿ ಸರಿ ಮಾಡಿದೆ. ಆಮೇಲೆ ನೋಡಿದರೆ, ಸೆಕೆಂಡಿಗೆ 23.976 ಫ್ರೇಮ್ ರೇಟಿನಲ್ಲಿ ಶೂಟ್ ಆದ ಕ್ಲಿಪ್ಪನ್ನು ನಮ್ಮಲ್ಲೊಬ್ಬ ಸೆಟ್ಟಿಂಗ್ಸ್‌ನಲ್ಲಿ 24 ಅಂತ ಬದಲಿಸಿಬಿಟ್ಟಿದ್ದ. ವ್ಯತ್ಯಾಸ ಬರೀ ಸಾವಿರಕ್ಕೆ ಒಂದು ಪಾಲು, ಆದರೆ ಆರು ನಿಮಿಷಕ್ಕೆ ಅದು 0.36 ಸೆಕೆಂಡ್ ಆಗುತ್ತದೆ. ಲೆಕ್ಕ ಹಾಕಿ ನೋಡಿ, ಅದೇ 9 ಫ್ರೇಮ್!

ನಿಮ್ಮದು ಬಹುಶಃ ಇದಲ್ಲ. ಹೆಚ್ಚಿನ ಫೋನುಗಳು ಒಂದೇ ಫ್ರೇಮ್ ರೇಟ್ ಹಿಡಿದುಕೊಂಡು ರೆಕಾರ್ಡ್ ಮಾಡುವುದಿಲ್ಲ. ಬೆಳಕು ಕಮ್ಮಿಯಾದರೆ, ಫೋನ್ ಬಿಸಿಯಾದರೆ, ರೇಟ್ ಅತ್ತಿತ್ತ ಆಗುತ್ತದೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಅಂತಾರೆ. ಮೀಡಿಯಾಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಒಂದು ಕ್ಲಿಪ್ ತೆರೆದು ಫ್ರೇಮ್ ರೇಟ್ ಮೋಡ್ ಎದುರು ಏನಿದೆ ನೋಡಿ. ವೇರಿಯಬಲ್ ಅಂತಿದ್ದರೆ ಕಳ್ಳ ಸಿಕ್ಕ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೊ ಬದಲಾಯಿಸುವ ಉಚಿತ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆಯ್ದು, ಕ್ವಾಲಿಟಿಯನ್ನು ಆರ್‌ಎಫ್ 18ರ ಹತ್ತಿರ ಇಟ್ಟು (ಈ ಸಂಖ್ಯೆ ಕಮ್ಮಿಯಾದಷ್ಟೂ ಚಿತ್ರ ಚೆನ್ನ, ಫೈಲ್ ದಪ್ಪ), ಎಲ್ಲಾ ಕ್ಲಿಪ್ಪುಗಳನ್ನೂ ಬೇರೆ ಫೋಲ್ಡರಿಗೆ ಬದಲಾಯಿಸಿಕೊಳ್ಳಿ. ಹೆಸರು ಹಾಗೇ ಇರಲಿ, ಮೂಲ ಫೈಲನ್ನು ಮುಟ್ಟಬೇಡಿ. ಆಮೇಲೆ ಪ್ರಾಜೆಕ್ಟಿನಲ್ಲಿ ಹೊಸ ಫೈಲುಗಳಿಗೆ ರೀಲಿಂಕ್ ಮಾಡಿದರೆ (ಹಳೆಯದರ ಬದಲು ಹೊಸ ಫೈಲನ್ನು ತೋರಿಸಿದರೆ) ಮಾಡಿದ ಕಟ್‌ಗಳು ಬಹುತೇಕ ಉಳಿಯುತ್ತವೆ. ಒಂದೆರಡು ಫ್ರೇಮ್ ಜರುಗಿದ್ದರೆ ಸರಿಪಡಿಸಿಕೊಳ್ಳಿ.

ಕಾನ್‌ಸ್ಟಂಟ್ ಅಂತಲೇ ಬಂದರೆ? ಟೇಕಿನ ನಡುವೆ ಒಂದು ಕಡೆ, ಕೊನೆಯಲ್ಲಿ ಒಂದು ಕಡೆ ಎಷ್ಟು ಜಾರಿದೆ ಅಂತ ಅಳೆಯಿರಿ. ಮೂರನೇ ನಿಮಿಷಕ್ಕೆ 3 ಫ್ರೇಮ್, ಆರನೇ ನಿಮಿಷಕ್ಕೆ 6 ಅಂತ ಸಮನಾಗಿ ಬೆಳೆಯುತ್ತಿದ್ದರೆ ಅದು ರೆಕಾರ್ಡರಿನ ಗಡಿಯಾರದ ತಪ್ಪೋ, ನನ್ನ ಹಾಗೆ ಸೆಟ್ಟಿಂಗಿನ ತಪ್ಪೋ ಇರುತ್ತದೆ. ಸೆಟ್ಟಿಂಗ್ ಸರಿ ಇದ್ದರೆ ಆಡಿಯೊ ವೇಗವನ್ನು ಒಂಚೂರು ಬದಲಿಸಿದರೆ ಸಾಕು.

ತಡವರಿಸುವುದಕ್ಕೆ ಹೊಸ ಲ್ಯಾಪ್‌ಟಾಪ್ ಬೇಡ. ಫೋನಿನ ಎಚ್.265 (ವಿಡಿಯೊ ಕುಗ್ಗಿಸಿಡುವ ಒಂದು ವಿಧಾನ) ಫೈಲಿನಲ್ಲಿ ಹೆಚ್ಚಿನ ಫ್ರೇಮುಗಳು ಪೂರ್ತಿ ಚಿತ್ರಗಳಲ್ಲ, ಹಿಂದೆ ಮುಂದಿನದನ್ನು ನೋಡಿ ಕಂಪ್ಯೂಟರ್ ಕಟ್ಟಿಕೊಳ್ಳಬೇಕು, ಅದಕ್ಕೇ ಉಸಿರುಗಟ್ಟುತ್ತದೆ. ಪ್ರಾಕ್ಸಿ (ಎಡಿಟಿಂಗಿಗೆ ಮಾತ್ರ ಬಳಸುವ ಹಗುರ ನಕಲು) ಮಾಡಿಕೊಳ್ಳಿ, ರಾತ್ರಿ ಬಿಟ್ಟು ಮಲಗಿದರೆ ಬೆಳಿಗ್ಗೆಗೆ ಆಗಿರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಸಿಂಕ್ (ತುಟಿ-ಮಾತಿನ ಹೊಂದಾಣಿಕೆ) ಸರಿಯಾದ ಮೇಲೆ ಕಿವಿಗೆ ಚುಚ್ಚುವುದು ಕಟ್‌ಗಳ ನಡುವಿನ ಖಾಲಿ. ಒಬ್ಬರು ಮಾತಾಡುವಾಗ ಹಿಂದೆ ಫ್ಯಾನ್ ಸದ್ದು, ಆಮೇಲೆ ಫಕ್ಕನೆ ಏನೂ ಇಲ್ಲ, ಮತ್ತೆ ಫ್ಯಾನ್. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಇದನ್ನು ಸಹಿಸುವುದಿಲ್ಲ. ರೂಮ್ ಟೋನ್ (ಯಾರೂ ಮಾತಾಡದಾಗ ಆ ಜಾಗದಲ್ಲಿ ಕೇಳುವ ಸದ್ದು) ರೆಕಾರ್ಡ್ ಮಾಡಿಲ್ಲವಾದರೆ ಪರವಾಗಿಲ್ಲ. ನಿರ್ದೇಶಕರು 'ಆ್ಯಕ್ಷನ್' ಅನ್ನುವ ಮುಂಚೆ ಎಲ್ಲರೂ ಸುಮ್ಮನೆ ನಿಂತಿರುವ ನಾಲ್ಕೈದು ಸೆಕೆಂಡ್ ಪ್ರತಿ ಟೇಕಿನಲ್ಲೂ ಸಿಗುತ್ತದೆ. ಅಂಥವನ್ನು ಕ್ರಾಸ್‌ಫೇಡ್ ಹಾಕಿ (ಒಂದು ಇಳಿಯುತ್ತಾ ಇನ್ನೊಂದು ಏರುವಂತೆ) ಜೋಡಿಸಿ, ಇಡೀ ದೃಶ್ಯದ ಕೆಳಗೆ ಹಾಸಿ. ನಾಯ್ಸ್ ರಿಡಕ್ಷನ್ ಮಾತ್ರ ಜಾಸ್ತಿ ಎಳೆಯಬೇಡಿ, ಪಾತ್ರಗಳೆಲ್ಲ ಕೊಡದೊಳಗಿಂದ ಮಾತಾಡಿದಂತೆ ಕೇಳುತ್ತವೆ.

ಐದನೇ ದಿನ ಎಡಿಟಿಂಗಿಗೆ ಅಲ್ಲ, ಎಕ್ಸ್‌ಪೋರ್ಟಿಗೆ ಅಂತ ಇಟ್ಟುಕೊಳ್ಳಿ. ಪ್ರಾಕ್ಸಿಯಿಂದಲೇ ಎಕ್ಸ್‌ಪೋರ್ಟ್ ಆಗುವ ಆಯ್ಕೆಗೆ ಟಿಕ್ ಬಿದ್ದಿದೆಯಾ ಅಂತ ಒಮ್ಮೆ ನೋಡಿ, ನಮ್ಮದು ಹಾಗೇ ಹೋಗಿ ದೊಡ್ಡ ಪರದೆಯ ಮೇಲೆ ಬರೀ ಚೌಕ ಚೌಕ ಕಂಡಿತ್ತು.